ಸಿಕಲ್ ಸೆಲ್ ತಪಾಸಣೆ ಸರಿಯಾಗಿ ನಡೆಯಲಿ

ಮಾನ್ಯರೇ,

ಗಿರಿಜನ ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ರೋಗ) ಪತ್ತೆಗೆ ಬಳಸುವ ಸಾಲ್ಯುಬಿಲಿಟಿ (ಕರಗುವಿಕೆ) ಪರೀಕ್ಷೆ ಅಗ್ಗ, ಸುಲಭ. 2 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಬೆರೆಸಿ, 5 ನಿಮಿಷದ ನಂತರ ನಳಿಕೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯಬೇಕು. ಗೆರೆ ಕಾಣದಷ್ಟು ಕದಡಿದ್ದರೆ ಈ ರೋಗಕ್ಕೆ ಕಾರಣವಾದ ದೋಷಯುಕ್ತ ಹಿಮೋಗ್ಲೋಬಿನ್ ಎಸ್ ಇರುವ ಸಂಭವ ಹೆಚ್ಚು. ಆದರೆ ದ್ರಾವಣದಲ್ಲಿನ ಡೈಥಯೋನೈಟ್ ಎಂಬ ರಾಸಾಯನಿಕ ಗಾಳಿ ತಾಗಿದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆಗ ರೋಗವಿದ್ದರೂ ಫಲಿತಾಂಶ ‘ನೆಗೆಟಿವ್’ ಬರಬಹುದು. ಹಾಗಾಗಿ ಪ್ರತಿ ಸಲವೂ ಖಚಿತ ವಾಹಕರ (ದೋಷದ ಒಂದೇ ಜೀನ್ ಹೊತ್ತವರ) ಮತ್ತು ಆರೋಗ್ಯವಂತರ ರಕ್ತವನ್ನು ಜೊತೆಗಿಟ್ಟು ನೋಡಲೇಬೇಕು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತದ ಪ್ರಮಾಣ ಇಮ್ಮಡಿಯಾಗಲಿ. 6 ತಿಂಗಳೊಳಗಿನ ಕೂಸುಗಳಿಗೆ ಈ ಪರೀಕ್ಷೆ ಸಲ್ಲದು. ವಾಹಕರೋ ರೋಗಿಯೋ ಎಂಬುದನ್ನೂ ಇದು ಹೇಳದು; ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ವಿಧಗಳನ್ನು ಬೇರ್ಪಡಿಸಿ ತೋರಿಸುವ ಪ್ರಯೋಗಾಲಯ ಪರೀಕ್ಷೆ) ವರದಿಗೆ ಮುನ್ನವೇ ಯಾರಿಗೂ ರೋಗಿಯ ಹಣೆಪಟ್ಟಿ ಹಚ್ಚಬಾರದು.