ಮಿಲಿಟರಿಗೆ ಹೋಗಿ ಬಂದವರ ಹೆಸರಿಗೊಂದು ಕಟ್ಟೆ: ದೇಣಿಗೆ ಮನವಿ

ಕೇರಿಯ ಎಲ್ಲ ಮನೆಯವರಿಗೂ, ಮುಂಬೈ, ಗೋವಾ ಕಡೆ ಇರುವ ನಮ್ಮವರಿಗೂ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲ ದಂಡೆಯಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ನೀವೆಲ್ಲ ನೋಡಿದ್ದೀರಿ. ಅವರು ನಮ್ಮ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದಾಗ, ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಹೂತಿಟ್ಟ ಮೈನ್‌ಗಳನ್ನು (ನೆಲಬಾಂಬ್‌ಗಳನ್ನು) ತೆಗೆದು, ಅಡ್ಡ ಕೆಡವಿದ್ದ ಮರಗಳನ್ನು ಸರಿಸಿ, ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟರು. ತೊಡೆಗೆ ಪೆಟ್ಟಾದರೂ ಕೆಲಸ ಬಿಡಲಿಲ್ಲ. ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರೇ. ಅವರು ಬಾಂಬೆ ಸ್ಯಾಪರ್ಸ್‌ನವರು, ಅಂದರೆ ಸೇನೆಯ ಎಂಜಿನಿಯರ್ ದಳದವರು. ರಸ್ತೆ ಮಾಡುವುದು, ಮೈನ್ ತೆಗೆಯುವುದು ಅವರ ಕಸುಬು. ಆ ಕೆಲಸ ಆಗದೆ ಟ್ಯಾಂಕ್ ಒಂದು ಹೆಜ್ಜೆ ಮುಂದೆ ಹೋಗುವ ಹಾಗಿರಲಿಲ್ಲ.

ನಮ್ಮ ಕೇರಿಯಿಂದ ಹೋದವರಲ್ಲೂ ಜಾಸ್ತಿ ಜನ ಇಂಥ ಕೆಲಸದವರೇ. ಲಾರಿ ಓಡಿಸಿದವರು, ಸೇನೆಯ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸಿದವರು, ಹಡಗಿನ ಎಂಜಿನ್ ರೂಮಿನಲ್ಲಿ ಬೆವರು ಸುರಿಸಿದವರು, ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಪದಕ ಬಂದವರು ಕಡಿಮೆ. ಅರ್ಗಾದಲ್ಲಿ ಕದಂಬ ನೌಕಾನೆಲೆ ಇರುವುದರಿಂದ ಯೂನಿಫಾರ್ಮ್ ನಮ್ಮ ಮಕ್ಕಳಿಗೆ ಹೊಸದಲ್ಲ. ಆದರೆ ಪಕ್ಕದ ಮನೆಯ ಅಜ್ಜ 1971ರ ಪಾಕಿಸ್ತಾನ ಯುದ್ಧದಲ್ಲಿ ಎಲ್ಲಿದ್ದರು ಅಂತ ಕೇಳಿ, ಗೊತ್ತಿರುವುದಿಲ್ಲ. ಆ ಯುದ್ಧ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಅವರು ಓದುವ ಹಾಗಿರುವಾಗಲೇ ಅವರ ಹೆಸರು ಕಲ್ಲಿನ ಮೇಲೆ ಬರಲಿ ಎಂಬುದು ನಮ್ಮ ಆಸೆ.

ಅದಕ್ಕೆ ಬಸ್ ಸ್ಟಾಪಿನ ಪಕ್ಕ ಒಂದು ಚಿರೇಕಲ್ಲಿನ ಕಟ್ಟೆ, ಹಿಂದೆ ಕರಿಕಲ್ಲಿನ ಹಲಗೆ. ಇಷ್ಟೇ. ಕಮಾನು ಬೇಕು, ಬಂದೂಕು ಹಿಡಿದ ಪ್ರತಿಮೆ ಬೇಕು ಎಂದವರಿದ್ದರು. ಬೇಡ ಎಂದೆವು. ಕಬ್ಬಿಣ ಹಾಕಿದರೆ ಕಡಲ ಗಾಳಿಗೆ ತುಕ್ಕು, ಬಣ್ಣದಲ್ಲಿ ಬರೆಸಿದರೆ ಎರಡು ಮಳೆಗಾಲ ಬಾಳುವುದಿಲ್ಲ. ಅಕ್ಷರ ಆಳವಾಗಿ ಕೆತ್ತಿಸುವುದೇ ಸರಿ, ಖರ್ಚು ಜಾಸ್ತಿಯಾದರೂ ಪರವಾಗಿಲ್ಲ. ಕಟ್ಟೆಯ ಮೇಲೆ ಜನ ಕೂರಲಿ, ಮೀನಿನ ಬುಟ್ಟಿ ಇಳಿಸಲಿ, ಅದಕ್ಕೇ ಅಲ್ವಾ ಕಟ್ಟೆ?

ಹೆಸರುಗಳ ವಿಷಯದಲ್ಲಿ ಮೀಟಿಂಗ್‌ನಲ್ಲಿ ಬಿಸಿಬಿಸಿ ಮಾತಾಯಿತು. ಹುದ್ದೆ ಬರೆಯಬೇಕೇ, ದೊಡ್ಡ ಹುದ್ದೆಯವರು ಮೇಲೆ ಬರಬೇಕೇ? ಕೊನೆಗೆ ಮಾಜಿ ಸೈನಿಕರೇ ತೀರ್ಮಾನ ಮಾಡಿದರು: ಅಕ್ಷರಕ್ರಮದಲ್ಲಿ ಬರೀ ಹೆಸರು, ಸೇರಿದ ವರ್ಷ, ಭೂಸೇನೆಯೋ ನೌಕಾಪಡೆಯೋ ವಾಯುಪಡೆಯೋ ಅಷ್ಟೇ. ದೇಣಿಗೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ, ಎಷ್ಟೇ ಕೊಟ್ಟರೂ. ಇದಕ್ಕೆ ಯಾರಾದರೂ ಬೇಸರ ಮಾಡಿಕೊಂಡರೆ ನಾವು ಏನೂ ಮಾಡುವ ಹಾಗಿಲ್ಲ.

ಒಟ್ಟು ಖರ್ಚು 3 ಲಕ್ಷ 20 ಸಾವಿರ ರೂಪಾಯಿ. ಇದರಲ್ಲಿ ಕರಿಕಲ್ಲು ಮತ್ತು ಕೆತ್ತನೆಗೇ 1 ಲಕ್ಷ 40 ಸಾವಿರ. ಮನೆ ಮನೆ ತಿರುಗಿ 1 ಲಕ್ಷ 10 ಸಾವಿರ ಕೂಡಿದೆ. ಇನ್ನು 2 ಲಕ್ಷ 10 ಸಾವಿರ ಬೇಕು. ನೂರು ಕೊಟ್ಟರೂ ರಶೀದಿ ಹರಿದು ಕೊಡುತ್ತೇವೆ. ಹಣವೇ ಆಗಬೇಕೆಂದಿಲ್ಲ. ಒಂದು ಲೋಡ್ ಚಿರೇಕಲ್ಲು, ನಾಲ್ಕು ಚೀಲ ಸಿಮೆಂಟ್, ಮೇಸ್ತ್ರಿ ಒಂದು ದಿನ ಕೈ ಜೋಡಿಸಿದರೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಸಮಿತಿಗೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕ್ಯೂಆರ್ ಕೋಡ್ ಅಂಗನವಾಡಿ ಗೋಡೆಯ ಬೋರ್ಡಿನಲ್ಲಿ ಮಾತ್ರ ಇದೆ. ವಾಟ್ಸಾಪ್‌ನಲ್ಲಿ ಬರುವ ಬೇರೆ ಯಾವ ನಂಬರಿಗೂ ಸುಮ್ನೆ ಹಣ ಹಾಕಬೇಡಿ.

ಹಣಕ್ಕಿಂತ ಮೊದಲು ಬೇಕಾದದ್ದು ಹೆಸರು. ನಿಮ್ಮ ಮನೆಯಿಂದ ಸೇನೆಗೆ ಹೋದವರಿದ್ದರೆ ಡಿಸ್ಚಾರ್ಜ್ ಬುಕ್ ಅಥವಾ ಪೆನ್ಶನ್ ಕಾಗದದ ಜೆರಾಕ್ಸ್ ಕೊಡಿ. ಹೆಸರು ಕೊಟ್ಟವರು ದೇಣಿಗೆ ಕೊಡಲೇಬೇಕೆಂದಿಲ್ಲ. ಚೌತಿಗೆ ಎಲ್ಲರೂ ಊರಿಗೆ ಬಂದಿರುತ್ತಾರೆ, ಆಗ ಪಟ್ಟಿಯನ್ನು ಗಣಪತಿ ಪೆಂಡಾಲಿನಲ್ಲಿ ಹಾಕುತ್ತೇವೆ. ಕಾಗುಣಿತ ತಪ್ಪಿದ್ದರೆ ಅಲ್ಲೇ ಪೆನ್ನಿನಿಂದ ತಿದ್ದಿ. ಕೆತ್ತಿದ ಮೇಲೆ ತಿದ್ದಲು ಬರುವುದಿಲ್ಲ. ಮಳೆ ಮುಗಿದ ಕೂಡಲೇ ಕೆಲಸ ಶುರು, 1971ರ ಯುದ್ಧ ಗೆದ್ದ ದಿನವಾದ ಡಿಸೆಂಬರ್ 16ರ ವಿಜಯ ದಿವಸಕ್ಕೆ ಕಟ್ಟೆ ತಯಾರಾಗಬೇಕು.

ಇಂತಿ,
ಕೇರಿಯ ಸ್ಮಾರಕ ಸಮಿತಿ, ಕಾರವಾರ