ಪ್ರೊಬೇಷನ್ ನೆಪದಲ್ಲಿ ಗೃಹಸಾಲ ನಿರಾಕರಣೆ: ಲಿಖಿತ ಕಾರಣ ಮತ್ತು ಶುಲ್ಕ ವಾಪಸಾತಿ ಕೋರಿ ದೂರು

ಗೆ,
ನೋಡಲ್ ಅಧಿಕಾರಿಗಳು,
ಗ್ರಾಹಕರ ಕುಂದುಕೊರತೆ ವಿಭಾಗ

ಮಾನ್ಯರೇ,

ನಾನು ನಿಮ್ಮ ಶಾಖೆಗೆ ಸಲ್ಲಿಸಿದ್ದ ಗೃಹಸಾಲದ ಅರ್ಜಿಯನ್ನು, ಹೊಸ ಕೆಲಸದಲ್ಲಿ ಇನ್ನೂ ಪ್ರೊಬೇಷನ್ ಮುಗಿದಿಲ್ಲ ಎಂಬ ಕಾರಣ ಹೇಳಿ ಬಾಯಿಮಾತಿನಲ್ಲೇ ತಿರಸ್ಕರಿಸಲಾಗಿದೆ. ಶಾಖೆಗೂ ಗ್ರಾಹಕ ಸೇವಾ ಕೇಂದ್ರಕ್ಕೂ ಹಲವು ಬಾರಿ ಕರೆ ಮಾಡಿ ಸೌಜನ್ಯದಿಂದಲೇ ವಿಚಾರಿಸಿದರೂ "ನೋಡಿ ಹೇಳುತ್ತೇವೆ ಮೇಡಂ" ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯದ ಕಾರಣ ಈ ದೂರನ್ನು ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ಸಾಲ ಕೊಡುವುದೂ ಬಿಡುವುದೂ ಬ್ಯಾಂಕಿನ ವಿವೇಚನೆಗೆ ಸೇರಿದ್ದು ಎಂಬುದನ್ನು ನಾನು ಬಲ್ಲೆ. ಆ ವಿವೇಚನೆಯನ್ನು ನೀವು ಬಳಸಿದ ಹೊತ್ತು ಮತ್ತು ರೀತಿಯ ಬಗ್ಗೆ ನನ್ನ ಆಕ್ಷೇಪವಿದೆ. ಅರ್ಜಿ ನಮೂನೆಯಲ್ಲಿ ಈಗಿನ ಉದ್ಯೋಗಕ್ಕೆ ಸೇರಿದ ದಿನಾಂಕವನ್ನು ನನ್ನ ಕೈಯಾರೆ ತುಂಬಿದ್ದೇನೆ. ಅದರೊಂದಿಗೆ ಕೊಟ್ಟ ನೇಮಕಾತಿ ಪತ್ರದಲ್ಲಿ ಪ್ರೊಬೇಷನ್ ಆರು ತಿಂಗಳು ಎಂದು ಸ್ಪಷ್ಟವಾಗಿ ಬರೆದಿದೆ. ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಫಾರ್ಮ್ 16, ಸಂಬಳ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟ್ ಇವೆಲ್ಲವನ್ನೂ ನೋಡಿದ ನಿಮ್ಮ ಸಾಲ ವಿಭಾಗದ ಅಧಿಕಾರಿಯೇ, ನಡುವೆ ಬಿಡುವಿಲ್ಲದೆ ಅದೇ ಕ್ಷೇತ್ರದಲ್ಲಿ ಕೆಲಸ ಮುಂದುವರಿದಿರುವುದರಿಂದ ಒಟ್ಟು ಅನುಭವವನ್ನು ಪರಿಗಣಿಸುತ್ತೇವೆ, ತೊಂದರೆಯಿಲ್ಲ ಎಂದು ಹೇಳಿದ್ದರು. ಆಮೇಲೆ, ಸಾಲ ಕೊಡಲು ಬ್ಯಾಂಕ್ ಪ್ರಾಥಮಿಕವಾಗಿ ಒಪ್ಪಿದೆ ಎನ್ನುವ ತಾತ್ವಿಕ ಮಂಜೂರಾತಿ ಪತ್ರ ಬಂತು. ಅದನ್ನು ನಂಬಿ ನಾನು ಕ್ರಯದ ಕರಾರಿಗೆ ಸಹಿ ಹಾಕಿ ಮಾಲೀಕರಿಗೆ ಮುಂಗಡ ಕೊಟ್ಟೆ. ಪ್ರೊಸೆಸಿಂಗ್ ಶುಲ್ಕವನ್ನೂ, ನಿಮ್ಮ ವಕೀಲರ ಅಭಿಪ್ರಾಯಕ್ಕೆ ಮತ್ತು ಆಸ್ತಿಯ ಮೌಲ್ಯಮಾಪನಕ್ಕೆ ತಗಲುವ ಹಣವನ್ನೂ ಕಟ್ಟಿಸಿಕೊಂಡಾಗ ಯಾರಿಗೂ ನೆನಪಾಗದ ಪ್ರೊಬೇಷನ್, ದಾಖಲೆಗಳೆಲ್ಲ ಸರಿಯಿವೆ ಎಂಬ ವರದಿ ಬಂದ ಮೇಲೆ ನೆನಪಾಯಿತು.

ಶಾಖಾ ವ್ಯವಸ್ಥಾಪಕರು ನನ್ನನ್ನು ಕರೆಸಿದ ದಿನ ನಡೆದದ್ದನ್ನು ನೀವು ಪೂರ್ತಿಯಾಗಿ ತಿಳಿಯಬೇಕು. ಅವರು ತಮ್ಮ ಕೊಠಡಿಯಲ್ಲಿ ಮಾತನಾಡಲಿಲ್ಲ. ಟೋಕನ್ ಹಿಡಿದು ಜನ ಕುಳಿತಿದ್ದ ಹಜಾರದಲ್ಲಿ, ಸಾಲ ವಿಭಾಗದ ಮೇಜಿನ ಬಳಿ ನಿಂತು ನನ್ನ ಫೈಲು ತಿರುವುತ್ತಾ, "ನಿಮ್ಮ ಕೆಲಸವೇ ಖಾಯಂ ಆಗಿಲ್ಲವಲ್ಲ, ಸಾಲ ಹೇಗೆ ಕೇಳುತ್ತೀರಿ?" ಎಂದರು. ನಾನು ನೇಮಕಾತಿ ಪತ್ರದ ಆ ಪುಟ ತೆರೆದು, ಇದು ಮೊದಲಿನಿಂದಲೂ ಫೈಲಿನಲ್ಲೇ ಇದೆ ಎಂದು ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. "ಹಾಗಾದರೆ ನಿಮ್ಮ ಎಚ್‌ಆರ್‌ಗೆ ಈಗಲೇ ಫೋನ್ ಮಾಡಿ, ಸ್ಪೀಕರ್ ಹಾಕಿ, ನಿಮ್ಮನ್ನು ಖಾಯಂ ಮಾಡುತ್ತಾರೋ ಇಲ್ಲವೋ ಅವರ ಬಾಯಿಂದಲೇ ಕೇಳೋಣ" ಎಂದರು. ಸಂಜೆಯೊಳಗೆ ಇಮೇಲ್ ತರಿಸಿ ಕೊಡುತ್ತೇನೆ ಎಂದು ಕೇಳಿಕೊಂಡರೂ ಒಪ್ಪಲಿಲ್ಲ. ಫೈಲು ಅಲ್ಲಿಗೇ ಮುಚ್ಚಿಬಿಡುತ್ತಾರೆಂಬ ಭಯದಿಂದ ನಾನು ಫೋನ್ ಮಾಡಿದೆ. ಪ್ರೊಬೇಷನ್ ಮುಗಿದ ಮೇಲಷ್ಟೇ ಆ ತೀರ್ಮಾನ ಆಗುತ್ತದೆ ಎಂದು, ಯಾವ ಕಂಪನಿಯಾದರೂ ಹೇಳುವ ಮಾತನ್ನೇ ನಮ್ಮ ಎಚ್‌ಆರ್ ಅಧಿಕಾರಿ ಹೇಳಿದರು. ಕರೆ ಇನ್ನೂ ಕಡಿತವಾಗಿರಲಿಲ್ಲ. ಅಷ್ಟರಲ್ಲಿ ನಿಮ್ಮ ವ್ಯವಸ್ಥಾಪಕರು ಎಲ್ಲರಿಗೂ ಕೇಳುವಂತೆ, "ನೋಡಿದಿರಾ, ನಿಮ್ಮ ಕಂಪನಿಗೇ ನಿಮ್ಮ ಮೇಲೆ ನಂಬಿಕೆಯಿಲ್ಲ, ನಾವು ಹೇಗೆ ನಂಬುವುದು?" ಎಂದು ಫೈಲನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದರು. ಕುಳಿತಿದ್ದವರಲ್ಲಿ ಯಾರೋ ನಕ್ಕರು. ಸೇರಿ ಕೆಲವೇ ತಿಂಗಳಾದ ಕಚೇರಿಯಲ್ಲಿ ಇಂದು ನನ್ನ ಸಾಲದ ವಿಚಾರ, ನನ್ನ ಆತಂಕ, ನಿಮ್ಮವರ ಆ ಮಾತು ಎಲ್ಲವೂ ಎಚ್‌ಆರ್ ವಿಭಾಗಕ್ಕೆ ಗೊತ್ತಿವೆ.

20 ವರ್ಷ ತೀರಿಸಬೇಕಾದ ಸಾಲಕ್ಕೆ ಕೆಲವು ತಿಂಗಳ ಪ್ರೊಬೇಷನ್ ಅಷ್ಟು ದೊಡ್ಡ ಅಪಾಯವೆಂದು ನಿಮಗೆ ಅನ್ನಿಸಿದ್ದರೆ, ಖಾಯಮಾತಿ ಪತ್ರ ಕೊಟ್ಟ ನಂತರವೇ ಹಣ ಬಿಡುಗಡೆ ಎಂಬ ಷರತ್ತು ಹಾಕಬಹುದಿತ್ತು, ಇಲ್ಲವೇ ಶುಲ್ಕ ಪಡೆಯುವ ಮೊದಲೇ ಆರು ತಿಂಗಳು ಬಿಟ್ಟು ಬನ್ನಿ ಎನ್ನಬಹುದಿತ್ತು. ಎರಡರಲ್ಲಿ ಯಾವುದನ್ನು ಮಾಡಿದ್ದರೂ ನಾನು ಕರಾರಿಗೆ ಕೈ ಹಾಕುತ್ತಿರಲಿಲ್ಲ. ಖಾಯಂ ಆದ ನೌಕರರನ್ನೂ ನೋಟಿಸ್ ಕೊಟ್ಟು ಕಳಿಸುವ ಕಾಲದಲ್ಲಿ ಕೆಲಸ ಬದಲಿಸಿದವರನ್ನೆಲ್ಲ ನಂಬಲರ್ಹರಲ್ಲ ಎನ್ನುವುದೇ ನಿಮ್ಮ ನಿಯಮವಾಗಿದ್ದರೆ, ಅದನ್ನು ಶುಲ್ಕ ಪಾವತಿಸುವ ಕೌಂಟರಿನ ಮೇಲೆ ದಪ್ಪಕ್ಷರಗಳಲ್ಲಿ ಬರೆಸಿ ಹಾಕಿ.

ಸಾಲದಾತರು ಪಾಲಿಸಬೇಕಾದ ನ್ಯಾಯಯುತ ವ್ಯವಹಾರ ಸಂಹಿತೆಯನ್ನು ಭಾರತೀಯ ರಿಸರ್ವ್ ಬ್ಯಾಂಕ್ 2003ರಲ್ಲೇ ಹೊರಡಿಸಿದೆ. ಅರ್ಜಿ ತಿರಸ್ಕರಿಸಿದಾಗ ಅದರ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮ, ಮೊತ್ತದ ಮಿತಿಯಿಲ್ಲದೆ ಎಲ್ಲ ಬಗೆಯ ಸಾಲಗಳಿಗೂ ಅನ್ವಯಿಸುತ್ತದೆ ಎಂದು 2007ರಲ್ಲಿ ಸ್ಪಷ್ಟಪಡಿಸಲಾಗಿದೆ. ಅರ್ಜಿ ಅಂಗೀಕಾರವಾಗದಿದ್ದರೆ ಶುಲ್ಕದಲ್ಲಿ ಎಷ್ಟು ಹಿಂದಿರುಗಿಸಲಾಗುತ್ತದೆ ಎಂಬುದನ್ನು ಅರ್ಜಿ ನಮೂನೆಯಲ್ಲೇ ತಿಳಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ನಿಮ್ಮ ನಮೂನೆಯಲ್ಲಿ ಆ ವಿವರವೇ ಇಲ್ಲ. ಇದನ್ನು ನಾನು ನಿಮಗೆ ತಿಳಿಸಿಕೊಡಬೇಕಾಗಿ ಬಂದಿರುವುದೇ ವಿಷಾದದ ಸಂಗತಿ.

ಆದುದರಿಂದ ತಿರಸ್ಕಾರದ ಕಾರಣವನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಸಹಿಯೊಂದಿಗೆ ನನಗೆ ಕೊಡಿ. ಪ್ರೊಸೆಸಿಂಗ್ ಶುಲ್ಕವನ್ನು ಪೂರ್ತಿಯಾಗಿ ಹಿಂದಿರುಗಿಸಿ. ನನ್ನ ಹಣದಿಂದಲೇ ಮಾಡಿಸಿದ ಕಾನೂನು ಅಭಿಪ್ರಾಯ ಮತ್ತು ಮೌಲ್ಯಮಾಪನ ವರದಿಗಳ ಪ್ರತಿಗಳನ್ನೂ ಕೊಡಿ. ಕರಾರಿನ ಅವಧಿ ಮುಗಿಯುವುದರೊಳಗೆ ನಾನು ಬೇರೆ ಬ್ಯಾಂಕಿನ ಬಾಗಿಲು ತಟ್ಟಬೇಕಾಗಿದೆ. ಅಲ್ಲಿಯೂ ನನ್ನ ಕ್ರೆಡಿಟ್ ವರದಿಯಲ್ಲಿ, ಈ ಅರ್ಜಿಗಾಗಿ ನೀವು ಅದನ್ನು ತರಿಸಿ ನೋಡಿದ ದಾಖಲೆ ಕಾಣುತ್ತದೆ, ಅದರ ಬಗ್ಗೆ ಪ್ರಶ್ನೆ ಬಂದರೆ ತೋರಿಸಲು ನನ್ನ ಬಳಿ ನಿಮ್ಮ ಒಂದು ಸಾಲಿನ ಪತ್ರವೂ ಇಲ್ಲ.

ಈ ಪತ್ರ ತಲುಪಿದ 30 ದಿನಗಳೊಳಗೆ ಸಮರ್ಪಕ ಉತ್ತರ ಬಾರದಿದ್ದರೆ ಬ್ಯಾಂಕ್ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ. ಇದು ಬ್ಯಾಂಕಿನ ವಾಣಿಜ್ಯ ತೀರ್ಮಾನ, ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಾರದು ಎಂದು ನೀವು ವಾದಿಸಬಹುದೆಂಬುದೂ ನನಗೆ ಗೊತ್ತಿದೆ. ಲಿಖಿತ ಕಾರಣ ಕೊಡದಿರುವುದು ವಾಣಿಜ್ಯ ತೀರ್ಮಾನವಲ್ಲ, ಸೇವಾ ನ್ಯೂನತೆ. ಮುಂಗಡದಲ್ಲಿ ಒಂದು ರೂಪಾಯಿ ನಷ್ಟವಾದರೂ ಅದರ ಪರಿಹಾರಕ್ಕಾಗಿ ಗ್ರಾಹಕರ ಆಯೋಗದ ಮೊರೆ ಹೋಗುತ್ತೇನೆ, ಅಲ್ಲಿ ಆ ದಿನದ ಹಜಾರದ ಸಿಸಿಟಿವಿ ದೃಶ್ಯವನ್ನು ಹಾಜರುಪಡಿಸಲು ಕೋರುತ್ತೇನೆ. ಆ ದೃಶ್ಯವನ್ನು ಅಳಿಸದೆ ಕಾಯ್ದಿರಿಸಬೇಕೆಂದು ಈ ಮೂಲಕ ಲಿಖಿತವಾಗಿ ತಿಳಿಸುತ್ತಿದ್ದೇನೆ.

ಇಂತಿ,
ಗೃಹಸಾಲದ ಅರ್ಜಿದಾರಳು

ಲಗತ್ತು: ತಾತ್ವಿಕ ಮಂಜೂರಾತಿ ಪತ್ರ, ಶುಲ್ಕದ ರಸೀದಿಗಳು, ನೇಮಕಾತಿ ಪತ್ರ ಮತ್ತು ಕ್ರಯದ ಕರಾರಿನ ಪ್ರತಿಗಳು