ಪುಟ್ಟಿಗೆ, ಮನಾಸಸ್‌ನ ಆ ‘ಖಾಲಿ’ ಹೊಲದ ಬಗ್ಗೆ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹಾಗೇ ಇದೆ, ಮಳೆ ಹಿಡಿದಿದೆ, ಬೇರೇನೂ ವಿಶೇಷವಿಲ್ಲ.

ಮೊನ್ನೆ ಫೋನಿನಲ್ಲಿ ನಿಮ್ಮ ಅಮೆರಿಕದ ವರ್ಜೀನಿಯಾದ ಮನಾಸಸ್ ಬಗ್ಗೆ ಕೇಳಿದೆಯಲ್ಲ, “ಆ ಯುದ್ಧಭೂಮಿ ಪಕ್ಕ ಡೇಟಾ ಸೆಂಟರ್ ಬಂದರೆ ಏನಪ್ಪಾ ಕಷ್ಟ, ಬರೀ ಖಾಲಿ ಹೊಲ ತಾನೇ?” ಅಂತ. ಉತ್ತರ ಹೇಳಲು ಹೊರಟರೆ ನೀನು ಮೀಟಿಂಗ್ ಇದೆ ಅನ್ನುತ್ತೀಯ. ಅದಕ್ಕೇ ಈ ಕಾಗದ. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಊರೂರು ಅಳೆದವನು ನಾನು. ಪಹಣಿಯಲ್ಲಿ ‘ಬೀಳು’ ಅಂತ ಬರೆದ ಜಮೀನಿಗೂ ವಾರಸುದಾರರು, ತಕರಾರುಗಳು ಇದ್ದೇ ಇರುತ್ತವೆ. ಎಷ್ಟೋ ಸಲ ಮೂಲೆಯಲ್ಲೊಂದು ಸಮಾಧಿಯೂ ಇರುತ್ತದೆ. ನಿಮ್ಮ ಮನೆಯಲ್ಲಿದ್ದಾಗ ಅಳಿಯಂದಿರು ನನ್ನನ್ನು ಆ ಯುದ್ಧಭೂಮಿಯ ಪಾರ್ಕಿಗೆ ಬಿಟ್ಟು ಹೋಗುತ್ತಿದ್ದರಲ್ಲ, ಆಗ ನಾನು ನೋಡುತ್ತಿದ್ದದ್ದೂ ಅದನ್ನೇ.

ಅಲ್ಲಿ ಯುದ್ಧ ನಡೆದದ್ದು ರೈಲಿಗಾಗಿ. ಅಮೆರಿಕದ ಅಂತರ್ಯುದ್ಧದ ಕಾಲ, ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಅಧ್ಯಕ್ಷ ಲಿಂಕನ್ನನ ಉತ್ತರಕ್ಕೂ ಕಾದಾಟ. ಎರಡು ರೈಲು ಮಾರ್ಗ ಕೂಡುವ ಜಂಕ್ಷನ್ ಮನಾಸಸ್. ಅದು ಕೈಗೆ ಬಂದರೆ ದಕ್ಷಿಣದವರ ರಾಜಧಾನಿ ರಿಚ್ಮಂಡ್ ಕಡೆಗೆ ದಾರಿ ಸಲೀಸು ಎಂದು ಉತ್ತರದವರ ಲೆಕ್ಕ. ಲಿಂಕನ್ ಕರೆದಿದ್ದ ಸ್ವಯಂಸೇವಕರ ಕರಾರು ಬರೀ 90 ದಿನದ್ದು. ಅವಧಿ ಮುಗಿಯುವುದರೊಳಗೆ ಯುದ್ಧ ಮುಗಿಸಬೇಕೆಂಬ ಅವಸರ. ಸೇನಾಪತಿ ಮ್ಯಾಕ್‌ಡೊವೆಲ್ ಸುಮಾರು 35,000 ಜನರನ್ನು ಕರೆದುಕೊಂಡು ಹೊರಟ. 1861ರ ಜುಲೈ 21, ಭಾನುವಾರ. ವಾಷಿಂಗ್ಟನ್ನಿನ ದೊಡ್ಡಮನುಷ್ಯರು ಬುತ್ತಿ ಕಟ್ಟಿಕೊಂಡು ಸಾರೋಟಿನಲ್ಲಿ ಯುದ್ಧ ನೋಡಲು ಬಂದರಂತೆ, ಜಾತ್ರೆಗೆ ಬಂದ ಹಾಗೆ! ಸಂಜೆ ಹೊತ್ತಿಗೆ ಉತ್ತರದ ಸೈನ್ಯ ದಿಕ್ಕಾಪಾಲಾಗಿ ಓಡಿತು. ನೋಡಲು ಬಂದಿದ್ದ ಆಲ್ಫ್ರೆಡ್ ಈಲಿ ಎಂಬ ಸಂಸದನೇ ದಕ್ಷಿಣದವರ ಕೈಗೆ ಸೆರೆ ಸಿಕ್ಕ. ದಕ್ಷಿಣದವರನ್ನು ಉಳಿಸಿದ್ದು ಆ ರೈಲೇ. ಶೆನಂಡೋವಾ ಕಣಿವೆಯಲ್ಲಿದ್ದ ಅವರ ಇನ್ನೊಂದು ಪಡೆ ಬೋಗಿ ಹತ್ತಿ ಹೊತ್ತಿಗೆ ಸರಿಯಾಗಿ ಬಂದಿಳಿಯಿತು.

ಆ ದಿನ ಯಾರು ಯಾರ ಕಡೆ ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ಸಮವಸ್ತ್ರ ಇನ್ನೂ ಒಂದೇ ತೆರನಾಗಿರಲಿಲ್ಲ. ವರ್ಜೀನಿಯಾದ ಒಂದು ದಳ ನೀಲಿ ತೊಟ್ಟಿತ್ತು. ನಮ್ಮವರೇ ಬಂದರು ಎಂದು ಉತ್ತರದ ಫಿರಂಗಿಯವರು ಸುಮ್ಮನಿದ್ದರು. ಆ ದಳ ಹತ್ತಿರ ಬಂದು ಗುಂಡು ಹಾರಿಸಿ ಫಿರಂಗಿಗಳನ್ನೇ ಹಿಡಿಯಿತು. ಹೆನ್ರಿ ಗುಡ್ಡದ ಮೇಲೆ ಈಗ ಸಾಲಾಗಿ ನಿಲ್ಲಿಸಿದ್ದಾರಲ್ಲ, ಮೊಮ್ಮಗ ಹತ್ತಲು ಹೋಗಿ ಬೈಸಿಕೊಂಡದ್ದು, ಅವೇ ಫಿರಂಗಿಗಳ ಜಾಗ.

ಆ ಗುಡ್ಡಕ್ಕೆ ಹೆಸರು ಬಂದದ್ದು ಅಲ್ಲಿದ್ದ ಮನೆಯವರಿಂದ. ಜುಡಿತ್ ಹೆನ್ರಿ, ವಿಧವೆ, ಹಾಸಿಗೆ ಹಿಡಿದಿದ್ದ ಮುದುಕಿ. ಮಕ್ಕಳು ಹೊತ್ತುಕೊಂಡು ಹೊರಗೆ ಸಾಗಿಸಲು ನೋಡಿದರೆ ಅಜ್ಜಿ ಹಟ ಹಿಡಿದು ವಾಪಸ್ ಮನೆಗೇ ಬಂದರು. ಮನೆಯೊಳಗೆ ಬಂದೂಕಿನವರು ಅಡಗಿದ್ದಾರೆ ಎಂದು ಉತ್ತರದವರು ಫಿರಂಗಿ ತಿರುಗಿಸಿದರು, ಅಜ್ಜಿ ಸತ್ತರು. ಅಂಗಳದ ಸಮಾಧಿಕಲ್ಲಿನ ಮೇಲೆ ‘85ನೇ ವರ್ಷದಲ್ಲಿ’ ಎಂದು ಕೆತ್ತಿದ್ದಾರೆ. ಅದೇ ಮನೆಯಲ್ಲಿ ಬಾಡಿಗೆಗೆ ಕರೆತಂದಿದ್ದ ಲೂಸಿ ಗ್ರಿಫಿತ್ ಎಂಬ ಗುಲಾಮ ಹುಡುಗಿಗೂ ಗಾಯವಾಯಿತು. ಅವಳ ಹೆಸರಿನ ಕಲ್ಲು ಅಲ್ಲಿಲ್ಲ.

ಅಲ್ಲಿಂದ ಎರಡು ಕೂಗಳತೆ ದೂರ ನಡೆದರೆ ಜೇಮ್ಸ್ ರಾಬಿನ್ಸನ್‌ನ ಜಮೀನು. ಜನ ದಕ್ಷಿಣದ ಸೇನಾನಿ ಜಾಕ್ಸನ್‌ನ ಕುದುರೆ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗಿಬಿಡುತ್ತಾರೆ, ಇಲ್ಲಿತನಕ ಬರುವವರು ಕಮ್ಮಿ. (ಆ ಪ್ರತಿಮೆಯ ಮೈಕಟ್ಟು ನೋಡಿದೆಯಾ? ಜಟ್ಟಿಗೂ ಅಷ್ಟು ಇರುವುದಿಲ್ಲ, ಕುದುರೆಗಂತೂ ಸಾಧ್ಯವೇ ಇಲ್ಲ.) ರಾಬಿನ್ಸನ್ ಸ್ವತಂತ್ರ ಕಪ್ಪು ಮನುಷ್ಯ, ತನ್ನ ಹೆಸರಿನಲ್ಲೇ ಜಮೀನು ಮಾಡಿದ್ದವನು. ಆದರೆ ಹೆಂಡತಿ ಗುಲಾಮಳು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರು ಅನ್ನುವುದು ಆಗಿನ ಕಾಯಿದೆ. ಹೊಲ ಕೊಂಡಂತೆ ಹೆತ್ತ ಮಕ್ಕಳನ್ನೂ ದುಡ್ಡು ಕೊಟ್ಟೇ ಬಿಡಿಸಿಕೊಳ್ಳಬೇಕಾದ ಬಾಳು ಅವನದು. ಎಷ್ಟೋ ಕ್ರಯಪತ್ರ ನೋಡಿದ್ದೇನೆ ಪುಟ್ಟಿ, ಇಂಥದ್ದೂ ಒಂದು ಕ್ರಯವಿತ್ತು ಎಂದು ಓದಿದಾಗ ಕೈಕಾಲು ಆಡಲಿಲ್ಲ.

ಮುಂದಿನ ವರ್ಷ, 1862ರ ಆಗಸ್ಟ್ ಕೊನೆಯಲ್ಲಿ, ಅದೇ ನೆಲದಲ್ಲಿ ಮತ್ತೆ ಮೂರು ದಿನ ಕಾದಾಟ. ಮೊದಲ ಸಲ ಸತ್ತವರು 800ಕ್ಕೂ ಹೆಚ್ಚು. ಈ ಸಲ ಸತ್ತವರು, ಗಾಯಗೊಂಡವರು, ನಾಪತ್ತೆಯಾದವರು ಸೇರಿ 20,000 ದಾಟಿತು. ರಾಬಿನ್ಸನ್‌ನ ಬೆಳೆ, ದನಕರು, ದವಸವನ್ನು ಉತ್ತರದ ಸೈನ್ಯ ತಿಂದು ಹೋಯಿತು. ಅವನು ಬಿಡಲಿಲ್ಲ, ಸರ್ಕಾರಕ್ಕೆ ಅರ್ಜಿ ಹಾಕಿದ. ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ, 1,249 ಡಾಲರ್, ಪರಿಹಾರ ಸಿಕ್ಕಿತು. ಅವನ ವಂಶದವರು ಆಮೇಲೆ ಕಟ್ಟಿ ಬೆಳೆಸಿದ ಮನೆಗೆ 1993ರಲ್ಲಿ ಯಾರೋ ಬೆಂಕಿಯಿಟ್ಟರು, ಅದೂ ಪಾರ್ಕಿನ ಕಾವಲಿನಲ್ಲಿದ್ದಾಗ. ಈಗ ಉಳಿದಿರುವುದು ಪಾಯದ ಕಲ್ಲು.

ಇನ್ನು ನೆಲದೊಳಗಿನ ಲೆಕ್ಕ. ಗುರುತು ಹತ್ತದ 2,111 ಸೈನಿಕರ ಮೂಳೆಗಳನ್ನು ಈ ಹೊಲಗಳಿಂದಲೂ ಸುತ್ತಮುತ್ತಲಿನಿಂದಲೂ ಆಯ್ದು 1866ರಲ್ಲಿ ಆರ್ಲಿಂಗ್ಟನ್‌ನಲ್ಲಿ ಒಂದೇ ಗೋರಿಗೆ ಹಾಕಿದರು. ಎರಡನೇ ಯುದ್ಧ ಗೆದ್ದ ದಕ್ಷಿಣದ ಜನರಲ್ ಲೀ ವಾಸವಿದ್ದ ಮನೆಯ ತೋಟದಲ್ಲೇ! ಅಷ್ಟಕ್ಕೇ ಮುಗಿದಿರಲಿಲ್ಲ. 2014ರಲ್ಲಿ ಪಾರ್ಕಿನಲ್ಲಿ ಯಾವುದೋ ಪೈಪಿನ ಕೆಲಸಕ್ಕೆ ಅಗೆದಾಗ ಮೂಳೆ ಸಿಕ್ಕವು. ಇಬ್ಬರು ಸೈನಿಕರ ಅಸ್ಥಿ, ಜೊತೆಗೆ ಕತ್ತರಿಸಿದ ಹನ್ನೊಂದು ಕೈಕಾಲು. ಯುದ್ಧದ ವೈದ್ಯರು ಗರಗಸದಲ್ಲಿ ಕೊಯ್ದು ಗುಂಡಿಗೆ ಹಾಕಿದ್ದವು. ಆ ಇಬ್ಬರನ್ನು 2018ರಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದರು. ಅದು ಪಾರ್ಕಾದ್ದರಿಂದ ತಜ್ಞರು ಕುಂಚ ಹಿಡಿದು ಕೂತರು. ಕಟ್ಟಡದ ಸೈಟಾಗಿದ್ದರೆ ಜೆಸಿಬಿ ಎತ್ತಿ ಲಾರಿಗೆ ಸುರಿದಿರುತ್ತಿತ್ತು. ನನಗೆ ಗೊತ್ತು, ನಮ್ಮ ಕಡೆ ಹಾಗೆ ಹೋದ ವೀರಗಲ್ಲುಗಳು ಎಷ್ಟೋ.

1940ರಲ್ಲಿ ಪಾರ್ಕು ಮಾಡಿದ ಮಾತ್ರಕ್ಕೆ ಅದು ಉಳಿದುಬಿಟ್ಟಿಲ್ಲ. 1988ರಲ್ಲಿ, ಎರಡನೇ ಯುದ್ಧದಲ್ಲಿ ಲೀ ಬಿಡಾರ ಹೂಡಿದ್ದ ಗುಡ್ಡದ ಮೇಲೆ ಮಾಲ್ ಕಟ್ಟಲು ಹೊರಟರು, ಬುಲ್ಡೋಜರ್ ಇಳಿದೂ ಆಗಿತ್ತು. ಅವರ ಸಂಸತ್ತು ಕಾಯಿದೆ ಮಾಡಿ 542 ಎಕರೆ ವಶಪಡಿಸಿಕೊಂಡಿತು, ಪರಿಹಾರ 10 ಕೋಟಿ ಡಾಲರ್ ದಾಟಿತು. ನಮ್ಮಲ್ಲಿ ಭೂಸ್ವಾಧೀನ ಅಂದರೆ ಹೊಲ ಹೋಗಿ ಕಟ್ಟಡ ಬರುವುದು. ಕಟ್ಟಡ ನಿಲ್ಲಿಸಿ ಹೊಲ ಮಾಡಲು ಸ್ವಾಧೀನ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ. ಆಮೇಲೆ ಡಿಸ್ನಿಯವರು ಹತ್ತಿರದ ಹೇಮಾರ್ಕೆಟ್‌ನಲ್ಲಿ ಮನರಂಜನೆಯ ಪಾರ್ಕು ಮಾಡುತ್ತೇವೆಂದು ಬಂದು, ಗಲಾಟೆಯಾಗಿ 1994ರಲ್ಲಿ ಹಿಂದೆ ಸರಿದರು.

ಈಗ ನಿಮ್ಮ ಡೇಟಾ ಸೆಂಟರು, ಸಾಲು ಸಾಲು ಕಂಪ್ಯೂಟರ್ ಇಡುವ ಕಟ್ಟಡಗಳು, ಪಾರ್ಕಿನ ಪಕ್ಕದಲ್ಲೇ. 2,100 ಎಕರೆ, ಮೂವತ್ತಕ್ಕೂ ಹೆಚ್ಚು ಕಟ್ಟಡ. ಅಂದು ರೈಲು ಹಳಿ ಇದ್ದಲ್ಲಿಗೆ ಸೈನ್ಯ ಬಂತು, ಇಂದು ಹೈಟೆನ್ಷನ್ ಲೈನು ಇದ್ದಲ್ಲಿಗೆ ಇವರು ಬರುತ್ತಾರೆ. 2023ರ ಡಿಸೆಂಬರಿನಲ್ಲಿ ಹಗಲು ರಾತ್ರಿ ಸಭೆ ನಡೆಸಿ ಕೌಂಟಿಯವರು (ನಮ್ಮ ಜಿಲ್ಲಾ ಪಂಚಾಯ್ತಿಯವರಿದ್ದ ಹಾಗೆ) ಒಪ್ಪಿದರು. 2025ರ ಆಗಸ್ಟಿನಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು, ಕಾರಣ ಸಾರ್ವಜನಿಕ ಪ್ರಕಟಣೆ ಸರಿಯಾಗಿ ಕೊಟ್ಟಿಲ್ಲವೆಂದು. ಓದಿ ನಗು ಬಂತು. ನಮ್ಮ ಕಛೇರಿಗಳಲ್ಲೂ ದೊಡ್ಡ ದೊಡ್ಡ ಆದೇಶ ಬಿದ್ದುಹೋಗುವುದು ನೋಟಿಸು ಸರಿಯಾಗಿ ಜಾರಿಯಾಗದೆ.

ನೀನು ಆ ಉದ್ಯಮದ ಅನ್ನ ತಿನ್ನುವವಳು, ನಾನೂ ಅದೇ ಅನ್ನ ತಿಂದು ಬಂದವನು. ಜಮೀನು ಮಾರಲು ಮುಂದೆ ಬಂದ ಅಲ್ಲಿಯ ರೈತರನ್ನೂ ಬೈಯಲಾರೆ. ಮನೆ ಪಕ್ಕ ಅಷ್ಟೆತ್ತರದ ಕರೆಂಟ್ ಕಂಬ ನಿಲ್ಲಿಸಿದ ಮೇಲೆ ಅವರಾದರೂ ಯಾಕೆ ಕೂರಬೇಕು? ಆದರೆ ಕಂಪ್ಯೂಟರ್ ಇಡಲು ಬೇರೆ ಸರ್ವೆ ನಂಬರ್ ಸಿಗುತ್ತದೆ, ಯುದ್ಧ ನಡೆದ ಜಾಗಕ್ಕೆ ಬದಲಿ ಜಾಗ ಕೊಡಲಾಗುವುದಿಲ್ಲ. ನನ್ನ ತಕರಾರು ಇಷ್ಟೇ. ಖಾಲಿ ಅಂತ ಮಾತ್ರ ಬರೆಯಬೇಡ.

ಚಳಿ ಶುರುವಾಗುವ ಮೊದಲು ಮೊಮ್ಮಗನನ್ನು ರಾಬಿನ್ಸನ್ ಮನೆ ತನಕ ನಡೆಸು. ಹುಲ್ಲಿನಲ್ಲಿ ಉಣ್ಣಿ ಇರುತ್ತವೆ, ಉದ್ದ ಪ್ಯಾಂಟು ಹಾಕಿಸು. ಕೋರ್ಟಿನ ವಿಷಯ ಮುಂದೇನಾಯಿತೆಂದು ತಿಳಿಸುತ್ತಿರು. ಮಾರಲು ಹೊರಟಿದ್ದ ಆ ಅಕ್ಕಪಕ್ಕದವರು ಈಗ ಏನನ್ನುತ್ತಾರೆ ಅನ್ನುವುದನ್ನೂ ಕೇಳಿ ಬರೆ. ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ಇತಿ,
ನಿನ್ನ ಅಪ್ಪ